ಈಶಮ್ಮ ಕೈಮುಗಿಯದ ಸಿನಿಮಾ

ನಿಜಾಮನ ಕಾಲ. ಜಹೀರಾಬಾದಿನ ಡೇರೆ ಟಾಕೀಸಿಗೆ ಬಂದಿದ್ದ ಭಕ್ತಿ ಸಿನಿಮಾವೊಂದನ್ನು ಹೊಗಳದವರೇ ಇರಲಿಲ್ಲ. ಜನ ಚಪ್ಪಲಿ ಹೊರಗೆ ಬಿಟ್ಟು, ಪರದೆಯ ಮುಂದೆ ಕಾಯಿ ಒಡೆದು ಕೂಡುತ್ತಿದ್ದರು. ರಾಯಿಕೋಡಿನ ಈಶಮ್ಮನೂ ಅತ್ತೆಯ ಜೊತೆ ಹಾಗೇ ಕೂತಳು.

ಪರದೆಯಲ್ಲಿ ತಾಯೊಬ್ಬಳು ಸತ್ತ ಮಗುವನ್ನು ದೇವರ ಮುಂದಿಟ್ಟು ಹಾಡಿದಳು. ಹಾಡು ಮುಗಿಯುವಷ್ಟರಲ್ಲಿ ಮಗು ಎದ್ದು ನಕ್ಕಿತು. ಡೇರೆಗೆ ಡೇರೆಯೇ ಅಳುತ್ತ ಕೈಮುಗಿಯಿತು.

ಈಶಮ್ಮನ ಕೈ ಮೇಲೇಳಲಿಲ್ಲ. ಕಾಲರಾದಲ್ಲಿ ತೀರಿಹೋದ ಮಗನನ್ನು ಮಡಿಲಲ್ಲಿಟ್ಟುಕೊಂಡು ಅವಳೂ ಪೋಚಮ್ಮನ ಗುಡಿಯ ಮುಂದೆ ಹಾಡಿದ್ದಳು, ದನಿ ಬಿದ್ದುಹೋಗುವ ತನಕ.

"ಸುಳ್ಳು ಸಿನಿಮಾ," ಅಂದಳು.

ಅತ್ತೆ ಸಿಡುಕಿದಳು: "ಊರೆಲ್ಲಾ ಹೊಗಳತದ, ನಿಂದೊಂದೇನ ಬ್ಯಾರೆ? ಭಕ್ತಿ ಅಂದ್ರ ಹಂಗಿರಬೇಕು ನೋಡು."

"ಹಂಗಾದ್ರ ನನ್ನ ಕೂಸನ್ನ ನಾನೇ ಕೊಂದೆನೇನ್ರಿ, ಅತ್ತಿ?"