ಗಟ್ಟಿ ಇದ್ದ ಬ್ರೇಕು

ಮುಳ್ಳೇರಿಯದ ಫಸಲ್ ದುಬೈಯಲ್ಲಿ ಕೆಲವು ವರ್ಷ ಸೈಕಲ್ ರಿಪೇರಿ ಮಾಡಿ ಬಂದವನು. ಹೈಡ್ರಾಲಿಕ್ ಡಿಸ್ಕ್ ಬ್ರೇಕು ಎಂದರೆ ಊರಿಗೆ ಅವನೊಬ್ಬನೇ ಗತಿ. ಆ ಬ್ರೇಕಿಗೆ ತಂತಿ ಇಲ್ಲ. ಸಪೂರ ಕೊಳವೆಯೊಳಗಿನ ಎಣ್ಣೆಯೇ ಚಕ್ರವನ್ನು ಹಿಡಿದು ನಿಲ್ಲಿಸುವುದು. ಎಣ್ಣೆಗೆ ಗಾಳಿ ಸೇರಿತೋ, ಲಿವರ್ ಮೆತ್ತಗಾಗಿ ಹ್ಯಾಂಡಲಿಗೆ ಬಂದು ತಾಗುತ್ತದೆ. ಬೆರಳಿಟ್ಟರೆ ಸಾಕು, ಫಸಲ್ ರೋಗ ಹೇಳುತ್ತಿದ್ದ. ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ?

2017ರ ಒಂದು ಬೆಳಗ್ಗೆ ಆ ಜಂಬ ಇಳಿಯಿತು. ಕೇಶವಪ್ರಸಾದ ಮಾಷ್ಟ್ರ ಮಗಳು ಶ್ರೀವಾಣಿ, ಜಿಲ್ಲಾ ಸೈಕಲ್ ಸ್ಪರ್ಧೆಗೆ ತಯಾರಾಗುತ್ತಿದ್ದವಳು, ಮನೆಯೆದುರಿನ ಇಳಿಜಾರಿನ ತಿರುವಿನಲ್ಲಿ ಲಾರಿಗೆ ಬಡಿದು ತೀರಿಹೋದಳು. ಅವಳ ಬ್ರೇಕಿಗೆ ಹಿಂದಿನ ವಾರವಷ್ಟೇ ಫಸಲ್ ಹೊಸ ಎಣ್ಣೆ ತುಂಬಿಸಿದ್ದ. ಹುಡುಗಿಗೆ ವೇಗದ ಹುಚ್ಚು, ಬ್ರೇಕೇ ಹಿಡಿದಿರಲಿಕ್ಕಿಲ್ಲ ಎಂದಿತು ಊರು. ಊರ ಬಾಯಿಗೆ ಬೀಗ ಹಾಕುವವರಾರು? ಫಸಲ್ ಮಾತ್ರ ಒಳಗೊಳಗೇ ಬೆಂದ. ಚಹದ ಲೋಟ ಹಿಡಿದರೂ, ಮಗುವಿನ ಕೈ ಹಿಡಿದರೂ ಬೆರಳಿನಡಿ ಏನೋ ಮೆತ್ತಗೆ ಕುಸಿದಂತಾಗಿ ಬೆಚ್ಚುತ್ತಿದ್ದ.

ಮಳೆಗಾಲ ಕಳೆದ ಮೇಲೆ ಮಾಷ್ಟ್ರು ಆ ಸೈಕಲನ್ನು ಅಂಗಡಿಗೆ ತಂದರು. ಚಕ್ರ ಸೊಟ್ಟಗಾಗಿತ್ತು, ಬ್ರೇಕಿಗೆ ಏಟು ಬಿದ್ದಿರಲಿಲ್ಲ.

"ಒಮ್ಮೆ ನೋಡು ಮಾರಾಯ. ನನ್ನ ಮಗಳು ಬ್ರೇಕ್ ಹಿಡಿಯದೆ ಹೋದಳಾ? ಅಷ್ಟು ಗೊತ್ತಾದ್ರೆ ಸಾಕು ನಂಗೆ."

ಫಸಲ್ ಲಿವರ್ ಒತ್ತಿದ. ಗಟ್ಟಿ ಇತ್ತು. ಮತ್ತೊಮ್ಮೆ ಒತ್ತಿದ. ಹಾಗೇ ಗಟ್ಟಿ. ತನ್ನ ತಪ್ಪಲ್ಲ! ಎಷ್ಟೋ ದಿನಗಳ ಮೇಲೆ ಅವನಿಗೆ ಸರಿಯಾಗಿ ಉಸಿರು ಬಂತು.

"ತಡಿ, ಚೈನಿಗೆ ತುಕ್ಕು ಹಿಡಿದಿದೆ," ಎನ್ನುತ್ತ ಮಾಷ್ಟ್ರು ಸೈಕಲನ್ನು ತಲೆಕೆಳಗು ಮಾಡಿ ಸೀಟಿನ ಮೇಲೆ ನಿಲ್ಲಿಸಿದರು. ಹಳೇ ಸೈಕಲಿನ ಕಾಲದವರೆಲ್ಲ ಹಾಗೆಯೇ. ಪಂಚೆಯ ತುದಿಯಿಂದ ಚೈನು ಒರೆಸತೊಡಗಿದರು. "ಅವಳು ಹೋದ ದಿನ ಬೆಳಗ್ಗೆಯೂ ಹೀಗೇ ಮಗುಚಿಟ್ಟು, ಚೈನು ಒರೆಸಿ ಎಣ್ಣೆ ಬಿಟ್ಟು ಕೊಟ್ಟದ್ದು. ಅಪ್ಪ ಮುಟ್ಟಿದ್ರೆ ಸೈಕಲು ಹಾರ್ತದೆ ಅಂತಿದ್ದಳು."

ಸೈಕಲ್ ಮತ್ತೆ ನೆಟ್ಟಗೆ ನಿಂತಾಗ ಫಸಲ್ ಸುಮ್ಮನೆ ಬೆರಳಿಟ್ಟ. ಲಿವರ್ ಪುಸಕ್ಕನೆ ಹ್ಯಾಂಡಲಿನ ತನಕ ಬಂತು.

ಅವನಿಗೆ ಎಲ್ಲ ತಿಳಿಯಿತು. ಲಿವರಿನ ಬಳಿಯ ಎಣ್ಣೆ ಡಬ್ಬಿಯಲ್ಲಿ ಒಂದಿಷ್ಟು ಗಾಳಿ ಉಳಿಸಿದವನು ತಾನು. ಸೈಕಲ್ ನೆಟ್ಟಗಿದ್ದರೆ ಅದು ಮೇಲೆಯೇ ಇರುತ್ತಿತ್ತು. ತಲೆಕೆಳಗಾದಾಗ ಕೊಳವೆಗೆ ನುಗ್ಗಿತು. ನಾಲ್ಕು ಸಲ ಒತ್ತಿದ್ದರೆ ಮತ್ತೆ ಗಟ್ಟಿಯಾಗುತ್ತಿತ್ತೇನೋ. ಇಳಿಜಾರಿನಲ್ಲಿ ಅವಳಿಗೆ ಅಷ್ಟು ಪುರುಸೊತ್ತು ಎಲ್ಲಿತ್ತು?

"ಎಂತ ಫಸಲ್? ಎಂತ ಆಯ್ತು?"

"ಅವಳು ಬ್ರೇಕ್ ಹಿಡಿದಿದ್ದಾಳೆ ಮಾಷ್ಟ್ರೇ. ಬ್ರೇಕಲ್ಲಿ ಗಾಳಿ ಉಂಟು. ಬಿಟ್ಟದ್ದು ನಾನು."

ಮಾಷ್ಟ್ರು ಅವನನ್ನೇ ನೋಡಿದರು. "ಹಾಗಾದ್ರೆ ನನ್ನ ಮಗುವನ್ನು ಕೊಂದದ್ದು ನೀನು."

"ಹೌದು ಮಾಷ್ಟ್ರೇ."

ಅಂದಿನಿಂದ ಪೇಟೆಯಲ್ಲಿ ಎದುರಾದರೆ ಮಾಷ್ಟ್ರು ಉಗುಳಿ ಹೋಗುತ್ತಾರೆ. ನಿಜದ ಉಳಿದರ್ಧ ಗೊತ್ತಿರುವುದು ಫಸಲನ ಹೆಂಡತಿ ಶಮೀನಾಳಿಗೆ ಮಾತ್ರ. ಒಂದು ದಿನ ಅವಳು ತಡೆಯಲಾರದೆ ಕೇಳಿದಳು: "ನಿಜ ಹೇಳಿಬಿಡಬಾರದಾ? ಎಲ್ಲ ನೀವೊಬ್ರೇ ಯಾಕೆ ಹೊರುವುದು?"

"ಹೇಗೆ ಹೇಳುವುದು?" ಎಂದ ಫಸಲ್. "ಅವರು ಅದೇ ಕೈಯಲ್ಲಿ ಇನ್ನೂ ಅನ್ನ ಉಣ್ಬೇಕಲ್ಲ."