ನಡುಮಧ್ಯಾಹ್ನದ ಬೆಳ್ಳಕ್ಕಿಗಳು

ಇದನ್ನು ನಂಬಬೇಡಿ. ನಂಬದೆ ಕೊನೆಯ ಸಾಲಿನವರೆಗೆ ಓದಿ ತೋರಿಸಿ, ನೀವು ಗಟ್ಟಿಗರು ಎಂದು ಒಪ್ಪಿಕೊಳ್ಳುತ್ತೇನೆ. ದಾವಣಗೆರೆಯಲ್ಲಿ ನನ್ನ ಮಾತು ನಂಬಿ ಕೆಟ್ಟವರು ಓಣಿಗೊಬ್ಬರು ಸಿಗುತ್ತಾರೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಈ ಬರಹದಲ್ಲಿ ಒಂದೇ ಒಂದು ಸಂಗತಿ ನಾನು ಕಟ್ಟಿದ್ದು. ಉಳಿದದ್ದೆಲ್ಲ ನಡೆದದ್ದು. ಯಾವುದು ಸುಳ್ಳು ಎಂದು ಹುಡುಕುತ್ತಾ ಬನ್ನಿ. ನಿಮ್ಮಿಂದ ಆಗುವುದಿಲ್ಲ, ಕೊನೆಗೆ ನಾನೇ ಹೇಳಬೇಕಾಗುತ್ತದೆ.

ದೆವ್ವ, ಗಾಳಿ, ಶಕುನ ಇವುಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಇರುವುದಾದರೂ ಹೇಗೆ? ನಮ್ಮ ಓಣಿಯ ದೆವ್ವ ನಾನೇ ಆಗಿದ್ದೆ. ಬೇವಿನ ಮರಕ್ಕೆ ಬಿಳಿ ಪಂಚೆ ಇಳಿಬಿಟ್ಟು, ಕೊಂಬೆಯ ಮೇಲೆ ಕೂತು ಗೂಬೆಯ ಹಾಗೆ ಕೂಗಿದರೆ ಮಿಲ್ಲಿನ ಪಾಳಿ ಮುಗಿಸಿ ಬರುವ ಗಟ್ಟಿಮುಟ್ಟಾದ ಗಂಡಸರು ಚಪ್ಪಲಿ ಬಿಟ್ಟು ಓಡುತ್ತಿದ್ದರು. ಮರುದಿನ ಅದೇ ಚಪ್ಪಲಿ ಮೆಟ್ಟಿಕೊಂಡು ಅವರ ಮನೆಯ ಮುಂದೆ ಎರಡು ಸಲ ಓಡಾಡಿ ಬರುತ್ತಿದ್ದೆ.

ಹಕ್ಕಿಯ ಕೂಗು ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ಜಂಬ ಅನ್ನುತ್ತೀರಾ? ಜಂಬವೇ. ಭದ್ರಾ ನಾಲೆಯ ಕೆಲಸ ನಮ್ಮ ಕಡೆ ನಡೆಯುತ್ತಿದ್ದ ಕಾಲದಲ್ಲಿ ನಾನು ಅಳತೆಯ ಸರಪಳಿ ಹಿಡಿಯುವ ಕೆಲಸಕ್ಕೆ ಸೇರಿದ್ದೆ. ನಮ್ಮ ಇಂಜಿನಿಯರ್ ಸಾಹೇಬರ ಕೊರಳಲ್ಲಿ ಸದಾ ಒಂದು ದುರ್ಬೀನು ತೂಗಾಡುತ್ತಿತ್ತು. ಅದು ನಾಲೆ ನೋಡುವುದಕ್ಕಲ್ಲ, ಹಕ್ಕಿ ನೋಡುವುದಕ್ಕೆ ಎಂದು ಗೊತ್ತಾದ ದಿನವೇ ನಾನು ಪೊದೆಯ ಹಿಂದೆ ಕೂತು ಹೆಣ್ಣು ಕೋಗಿಲೆಯ ಹಾಗೆ ಕೂಗಿದೆ. ಸಾಹೇಬರು ಅರ್ಧ ದಿನ ಆ ಪೊದೆಯ ಸುತ್ತ ಸುತ್ತಿದರು. ಸಿಕ್ಕಿಬಿದ್ದಾಗ ಬೈಯಲಿಲ್ಲ, ದುರ್ಬೀನು ನನ್ನ ಕೈಗೆ ಕೊಟ್ಟರು. ಅವತ್ತಿನಿಂದ ನಾನು ಅವರ ಶಿಷ್ಯ. ಯಾವ ಹಕ್ಕಿಯ ಕಾಲು ಯಾವ ಬಣ್ಣ, ಯಾವುದು ಯಾವ ತಿಂಗಳಲ್ಲಿ ಬರುತ್ತದೆ, ಎಲ್ಲ ಅವರಿಂದ ಕಲಿತದ್ದು. ನಮ್ಮ ಎಮ್ಮೆಗಳ ಕಾಲ ಸಂದಿಯಲ್ಲಿ ಹುಳ ಹಿಡಿಯುವ ಇದೇ ಬೆಳ್ಳಕ್ಕಿ ಆಫ್ರಿಕಾದಲ್ಲಿ ಆನೆಯ ಕಾಲ ಸಂದಿಯಲ್ಲಿ ಹಿಡಿಯುತ್ತದಂತೆ. ಯಾರೂ ಕರೆಯದೆ ತಾನೇ ಸಮುದ್ರ ದಾಟಿ ಅಮೆರಿಕ ಸೇರಿಕೊಂಡಿದೆಯಂತೆ. ಸಾಹೇಬರು ನನಗಿಂತ ದೊಡ್ಡ ಸುಳ್ಳ ಎಂದು ಆಗ ನನಗೆ ಖುಷಿಯಾಗಿತ್ತು. ಆಮೇಲೆ ನೋಡಿದರೆ ಅದು ನಿಜ.

ನಾಲೆಗೆ ನೀರು ಬಂತು. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ನಿಂತಿತು, ಭತ್ತದ ಹಿಂದೆ ಬೆಳ್ಳಕ್ಕಿ ಬಂದವು. ಹಗಲೆಲ್ಲ ಲೋಕಿಕೆರೆ, ಆನಗೋಡು ಕಡೆಯ ಗದ್ದೆಗಳಲ್ಲಿ ಮೇದು, ಹೊತ್ತು ಇಳಿಯುವಾಗ ಸಾಲು ಸಾಲಾಗಿ ಹರಿಹರದ ಹೊಳೆಯಂಚಿನ ಮರಗಳಿಗೆ ಹೋಗಿ ಮಲಗುತ್ತಿದ್ದವು. ಈ ಹೋಗುವ ಹೊತ್ತು ನನಗೆ ಬಾಯಿಪಾಠ. ಈ ಹೊತ್ತಿನಿಂದಲೇ ನನಗೆ ಹೆಂಡತಿ ಸಿಕ್ಕಿದ್ದು.

ಹರಿಹರದಲ್ಲಿ ಹೊಳೆಗೆ ಇಳಿಯುವ ಬೀದಿಯ ಒಂದು ಮನೆಗೆ ಹೆಣ್ಣು ನೋಡಲು ಹೋಗಿದ್ದೆ. ಸಂಜೆ. ಅವಲಕ್ಕಿ ತಿಂದು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಹೆಣ್ಣು ಬಾಗಿಲ ಸಂದಿಯಿಂದ ನೋಡುತ್ತಿದ್ದಾಳೆ ಎಂದು ಗೊತ್ತಿತ್ತು. ಮೂಡಲ ಕಡೆಗೆ ತಿರುಗಿ, ಬಾಯಿಗೆ ಅಂಗೈ ಒಡ್ಡಿ ಒಂದು ಕೂಗು ಹಾಕಿದೆ. ಬೆಳ್ಳಕ್ಕಿ ಸಾಲು ಮಾಡಿನ ಮೇಲೆ ಬಂದೇ ಬಿಟ್ಟಿತು. ನಾನು ಕೂಗದಿದ್ದರೂ ಬರುತ್ತಿತ್ತು ಅನ್ನಿ. ಒಳಗಿನಿಂದ ಬಳೆ ಸದ್ದು, ನಗು. ನಾನು ನೋಡಲು ಬಂದಿದ್ದ ಹೆಣ್ಣು, ಹಾಲಮ್ಮ, ಓಡಿಬಂದು, ಹತ್ತೂ ಬೆರಳನ್ನು ಆಕಾಶಕ್ಕೆ ಒಡ್ಡಿ ಉಗುರು ಉಜ್ಜುತ್ತಾ ನಿಂತಳು. "ಬೆಳ್ಳಕ್ಕಿ ಬೆಳ್ಳಕ್ಕಿ, ನಿನ್ ಬಿಳುಪು ನನಗ್ ಕೊಡು, ನನ್ ಉಗುರ್ನಾಗ ಹೂವಿಡು!"

ನಮ್ಮ ಕಡೆಯ ಮಕ್ಕಳಿಗೆಲ್ಲ ಇದು ಗೊತ್ತು. ಬೆಳ್ಳಕ್ಕಿಗೆ ಉಗುರು ತೋರಿಸಿ ಕೇಳಿದರೆ ಉಗುರಲ್ಲಿ ಬಿಳಿ ಚುಕ್ಕೆ ಮೂಡುತ್ತದೆ. ಅದನ್ನೇ ಹೂವು ಅನ್ನುತ್ತೇವೆ. ಮದುವೆಗೆ ಬಂದ ಹೆಣ್ಣು ಕೇಳಿದ್ದನ್ನು ನಾನು ಅದೇ ಮೊದಲು ಕಂಡೆ. ಮದುವೆಯಾಯಿತು. ಬೆಳ್ಳಕ್ಕಿ ನನ್ನ ಮಾತು ಕೇಳುತ್ತವೆ ಎಂದು ಅವಳು ನಂಬಿದಳು, ನಾನೂ ಬಿಡಿಸಿ ಹೇಳಲಿಲ್ಲ. ಯಾವ ಗಂಡ ಹೇಳುತ್ತಾನೆ?

ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಬಿರುಬೇಸಿಗೆ. ಹೆಣ್ಣು ಕೂಸು, ಕೂಸು ಗಟ್ಟಿಯಾಗಿತ್ತು. ಹಾಲಮ್ಮನಿಗೆ ಮಾತ್ರ ಹಿಡಿದ ಜ್ವರ ಬಿಡಲಿಲ್ಲ. ಬಾಣಂತಿ ಕೋಣೆಗೆ ಗಂಡಸರು ಕಾಲಿಡುವಂತಿರಲಿಲ್ಲ. ಅದು ನಮ್ಮ ಅತ್ತೆಯ ಕಟ್ಟಪ್ಪಣೆ, ಅವರ ಮಾವನೂ ಗಂಡನೂ ಮೀರದಿದ್ದ ಕಟ್ಟಪ್ಪಣೆ. ಕಿಟಕಿಗೆ ಗಾಳಿ ಆಡದಂತೆ ಗೋಣಿ ತುರುಕಿದ್ದರು. ನಾನು ಹಿತ್ತಲಲ್ಲಿ ನಿಂತು, ಗೋಣಿಯ ಮೂಲೆ ಸರಿಸಿ, ಸರಳಿನ ಆಚೆಯಿಂದ ಹೆಂಡತಿಯನ್ನು ನೋಡಬೇಕು. ಅವಳ ಹಾಸಿಗೆ ದೂರದ ಗೋಡೆಗೆ. ಒಳಗೆ ಓಮದ ಹೊಗೆ, ಕೆಂಡದ ಬುಟ್ಟಿ, ಬೆವರು ಬರದ ಜ್ವರ.

ಅತ್ತೆಯ ಪ್ರಕಾರ ಇದಕ್ಕೆಲ್ಲ ಕಾರಣ ನಾನೇ. ಹೆರಿಗೆಯಾದ ವಾರದಲ್ಲಿ ಹಗ್ಗದ ಮೇಲಿದ್ದ ಬಾಣಂತಿಯ ಸೀರೆಯನ್ನು ಹೊತ್ತು ಮುಳುಗುವ ಮೊದಲು ಒಳಗೆ ತರುವುದು ಮರೆತಿದ್ದರು. ಬೆಳ್ಳಕ್ಕಿಯೊಂದು ಅದರ ಮೇಲೆ ಹಾದುಹೋಯಿತಂತೆ. ಹಕ್ಕಿ ಹಾದ ಬಟ್ಟೆ ಉಟ್ಟರೆ ಮೈ ಒಣಗುತ್ತದೆ ಎಂಬುದು ಅವರ ನಂಬಿಕೆ.

"ಹಕ್ಕಿ ಕರೀತೀನಿ, ಹಕ್ಕಿ ಕರೀತೀನಿ ಅಂತ ಮೆರೀತಿದ್ರಲ್ಲ ಅಳಿಯಂದ್ರೇ," ಅಂದರು, "ಹೋಗು ಅನ್ನಾಕ ಯಾಕ ಬರ್ಲಿಲ್ಲ ನಿಮ್ ಬಾಯಾಗ?"

ಎಲ್ಲದಕ್ಕೂ ತಿರುಗೇಟು ಕೊಡುವವನು ನಾನು. ಅವತ್ತು ಹಗ್ಗದ ಮೇಲಿದ್ದ ಬಟ್ಟೆಗಳನ್ನು ಒಂದೊಂದಾಗಿ ಎಳೆದು ಅವರ ಕೈಗೆ ಕೊಟ್ಟೆ.

ಡಾಕ್ಟರೊಬ್ಬರನ್ನು ಮಾತ್ರ ಅತ್ತೆ ಒಳಗೆ ಬಿಟ್ಟರು, ಅವರು ಇಂಜೆಕ್ಷನ್ ಕೊಟ್ಟರು. ದಾವಣಗೆರೆಗೆ ಸಾಗಿಸೋಣವೇ ಎಂದರೆ, ದಾರಿ ತಡೆಯುವುದಿಲ್ಲ ಎಂದರು. ಹೋಗುವಾಗ ಅವಳ ಕೈ ಎತ್ತಿ ಉಗುರು ನೋಡಿದರು. ನಾನೂ ಸರಳಿನ ಸಂದಿಯಿಂದ ನೋಡಿದೆ. ನೇರಳೆ ಹಣ್ಣು ತಿಂದವರ ನಾಲಗೆಯ ಬಣ್ಣ. "ಇವತ್ತೊಂದಿನ ದಾಟ್ಲಿ, ಆಮೇಲೆ ಮಾತಾಡಣ," ಅಂದು ಸೈಕಲ್ ಹತ್ತಿದರು. ಹಿಂದಕ್ಕೆ ತಿರುಗಿ ನೋಡಲಿಲ್ಲ.

ನಡುಮಧ್ಯಾಹ್ನ. ಅತ್ತೆ ಪಕ್ಕದ ಮನೆಯಲ್ಲಿ ಕೂಸಿಗೆ ಹಾಲು ಕುಡಿಸಲು ಹೋಗಿದ್ದರು. ಒಳಗಿನಿಂದ ಹಾಲಮ್ಮನ ದನಿ ಬಂತು. ಎಷ್ಟೋ ದಿನದ ಮೇಲೆ ಬಂದ ದನಿ.

"ಅದೀರೇನ್ರಿ?"

"ಇಲ್ಲೇ ಅದೀನಿ. ಎಲ್ಲಿಗ್ ಹೋಗ್ಲಿ?"

"ಕರೀರಿ."

"ಯಾರನ್ನ? ನಿಮ್ಮವ್ವನ್ನ?"

"ಬೆಳ್ಳಕ್ಕಿನ. ಉಗುರು ಹೆಂಗಾಗ್ಯಾವೆ ನೋಡ್ರಿ. ಕರೀರಿ, ಹೂ ಕೇಳ್ತೀನಿ."

"ಈಗ ಬಿಸ್ಲು ಐತೆ ಹಾಲಿ. ಸಂಜೀಗೆ ಕರೀತೀನಿ, ತಡಿ."

"ಸಂಜೀಗೆ ನಾನಿರಲ್ರಿ."

ಇದನ್ನು ಅವಳು ನೀರು ಬೇಕು ಅಂದ ಹಾಗೆ ಅಂದಳು.

ನನ್ನ ಪಾಡು ಕೇಳಿ. ನಾಲೆಗೆ ನೀರು ನಿಲ್ಲಿಸಿ ವಾರಗಳಾಗಿದ್ದವು. ಗದ್ದೆ ಬಿರುಕು ಬಿಟ್ಟಿದ್ದವು, ಹೊಳೆಯಲ್ಲಿ ಬರೀ ಬಂಡೆ. ಬೆಳ್ಳಕ್ಕಿಗಳು ಯಾವ ಊರ ಕೆರೆ ಹುಡುಕಿ ಹೋಗಿದ್ದವೋ, ಸಂಜೆಯ ಸಾಲು ಕೂಡ ನಿಂತುಹೋಗಿತ್ತು. ಹೊತ್ತು ನೋಡಿ ಕೂಗುವುದೊಂದೇ ನನಗೆ ಗೊತ್ತಿದ್ದ ವಿದ್ಯೆ, ಈಗ ಹೊತ್ತೇ ಇಲ್ಲ. ಹುಡುಗಾಟದಿಂದ ಹೆಂಡತಿಯನ್ನು ತಂದವನು ಅದೇ ಹುಡುಗಾಟದಿಂದ ಅವಳನ್ನು ಕಳಿಸಿಕೊಡಬೇಕಿತ್ತು. ಕೂಗಿ, ಏನೂ ಬರದೆ, ಅವಳು ಅದನ್ನು ನೋಡಿ ಕಣ್ಣು ಮುಚ್ಚಬೇಕಿತ್ತು. ನಾನು ಗೋಣಿಯನ್ನು ಪೂರ್ತಿ ಎಳೆದು ಬಿಸಾಡಿದೆ. ಕಿಟಕಿಯ ತುಂಬ ಬಿಸಿಲು ಒಳಗೆ ನುಗ್ಗಿತು. ಬಾಯಿಗೆ ಅಂಗೈ ಒಡ್ಡಿದೆ.

ಹಕ್ಕಿಯ ಕೂಗು ಬರಲಿಲ್ಲ. ನನ್ನ ಗಂಟಲಿಂದ ಬಂದದ್ದು ಬೇರೆ ಏನೋ. ಬಾವಿಗೆ ಬಿದ್ದ ದನ ಅರಚುತ್ತದಲ್ಲ, ಅದಕ್ಕೆ ಹತ್ತಿರ. ಮತ್ತೆ ಕೂಗಿದೆ, ಮತ್ತೆ ಅದೇ. ಆಮೇಲೆ ಎಷ್ಟು ಸಲ ಎಂದು ಗೊತ್ತಿಲ್ಲ, ಮಂಡಿಯೂರಿ ಕೂತು ನೆಲಕ್ಕೆ ಕೂಗುತ್ತಿದ್ದೆ.

ತಲೆಯ ಮೇಲೆ ನೆರಳು ಆಡಿತು. ನೋಡಿದರೆ ಬೆಳ್ಳಕ್ಕಿ.

ಒಂದಲ್ಲ. ಹಿತ್ತಲ ಗೋಡೆಯ ಮೇಲೆ, ದನದ ಕೊಟ್ಟಿಗೆಯ ಹೆಂಚಿನ ಮೇಲೆ, ಬಟ್ಟೆಯ ಹಗ್ಗದ ಮೇಲೆ ಕೂಡ. ಬೆಳ್ಳಕ್ಕಿ ಹಗ್ಗದ ಮೇಲೆ ಕೂರುವುದನ್ನು ನೀವು ನೋಡಿದ್ದೀರಾ? ನಾನೂ ನೋಡಿರಲಿಲ್ಲ. ಎಣಿಸಲಿಲ್ಲ. ಸಾಹೇಬರ ಶಿಷ್ಯ ಹಕ್ಕಿ ನೋಡಿ ಎಣಿಸದೆ ಬಿಟ್ಟದ್ದು ಅದೊಂದೇ ಸಲ. ಆದರೆ ಕಣ್ಣು ಕಲಿತದ್ದನ್ನು ಮರೆಯುವುದಿಲ್ಲ. ಹಳದಿ ಕೊಕ್ಕು, ಗಿಡ್ಡ ಕುತ್ತಿಗೆ, ದನದ ಹಿಂದೆ ಓಡಾಡುವ ಜಾತಿಯೇ. ಆ ಜಾತಿಗೆ ಬಿರುಬೇಸಿಗೆಯಲ್ಲಿ ತಲೆಯೂ ಕತ್ತೂ ಅರಿಶಿನ ಬಳಿದ ಹಾಗೆ ಬಣ್ಣ ತಿರುಗುತ್ತದೆ. ಅವತ್ತು ಬಂದವುಗಳ ಮೈಮೇಲೆ ಹುಡುಕಿದರೂ ಅರಿಶಿನದ ಸುಳಿವಿರಲಿಲ್ಲ. ಒಂದೂ ಸದ್ದು ಮಾಡಲಿಲ್ಲ. ಒಂದೂ ನನ್ನ ಕಡೆ ನೋಡಲಿಲ್ಲ. ಎಲ್ಲವೂ ಕಿಟಕಿಯ ಕಡೆ.

ಒಳಗೆ ಹಾಲಮ್ಮ ಎರಡೂ ಕೈ ಎತ್ತಿದ್ದಳು. ಹಾಡು ಬಾಯಿಂದ ಹೊರಗೆ ಬರಲಿಲ್ಲ, ತುಟಿ ಮಾತ್ರ ಆಡಿತು. ಕೈ ಕೆಳಗೆ ಬಿದ್ದಾಗ ಹಕ್ಕಿಗಳು ಒಟ್ಟಿಗೆ ಎದ್ದವು. ರೆಕ್ಕೆಯ ಗಾಳಿ ನನ್ನ ಮುಖಕ್ಕೆ ಬಡಿಯಿತು. ಹೊಳೆಯ ಮೇಲೆ ಹೋದವು. ಅಷ್ಟೇ.

ಅತ್ತೆ ಓಡಿ ಬಂದವರು ಕಿಟಕಿ ನೋಡಿ ಎದೆ ಬಡಿದುಕೊಂಡರು. "ಗಾಳಿ ಹೊಕ್ಸಿ ಮಗಳ್ನ ಕೊಂದ್ರಲ್ಲೋ ಮಾರಾಯ್ರಾ!" ನಾನು ಬೆಳ್ಳಕ್ಕಿ ಬಂದಿದ್ದವು ಅಂದೆ. ಅವರು ಹಿತ್ತಲಲ್ಲೊಮ್ಮೆ ಕಣ್ಣಾಡಿಸಿದರು. ಒಂದು ಪುಕ್ಕ ಇಲ್ಲ, ಗೋಡೆಯ ಮೇಲೆ ಒಂದು ಹಿಕ್ಕೆಯೂ ಇಲ್ಲ. ಬೆಳ್ಳಕ್ಕಿ ಕೂತೆದ್ದ ಜಾಗ ಹೇಗಿರುತ್ತದೆ ಎಂದು ಹೊಳೆಯಂಚಿನ ಮನೆಯವರಿಗೆ ಹೇಳಿಕೊಡಬೇಕೇ? "ಹೆಂಡ್ತಿ ಸಾಯಾಕತ್ಯಾಳೆ, ಈಗ್ಲೂ ಆಟನಾ ನಿಮಗ?" ಅಂದವರು ಗೋಣಿ ತುರುಕಿ ಒಳಗೆ ಹೋದರು.

ನನಗೆ ಈಗ ಇನ್ನೊಂದು ಭಯ. ಹಾಲಮ್ಮ ಎದ್ದು ಉಗುರು ನೋಡಿಕೊಳ್ಳುತ್ತಾಳೆ. ಹೂವಿಲ್ಲದಿದ್ದರೆ? ಇಷ್ಟು ಮಾಡಿದವನು ಇನ್ನಿಷ್ಟು ಮಾಡಿದರೇನು ಅನ್ನಿಸಿತು. ಅತ್ತೆ ಒಲೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದಾಗ ಅವರ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದುಕೊಂಡು, ಹೆಜ್ಜೆ ಸಪ್ಪಳವಾಗದಂತೆ ಕೋಣೆಯೊಳಗೆ ಹೋಗಿ, ಕಡ್ಡಿಯ ತುದಿಯಿಂದ ಅವಳ ಹತ್ತೂ ಉಗುರಿಗೆ ಒಂದೊಂದು ಬಿಳಿ ಚುಕ್ಕೆ ಇಟ್ಟು ಬಂದೆ. ಹಚ್ಚುವಾಗ ಅವಳ ಕೈ ಕಾದ ಹೆಂಚಿನ ಹಾಗೆ ಇತ್ತು.

ಸಂಜೆ ಬೆವರು ಬಂತು. ಮೈ ನೆನೆದು ಹಾಸಿಗೆ ಒದ್ದೆಯಾಯಿತು. ಬೆಳಗ್ಗೆ ಅತ್ತೆಯ ಕೂಗಿಗೆ ಬೀದಿಯೇ ಎದ್ದಿತು.

"ಅಳಿಯಂದ್ರೇ! ಬರ್ರಿ ಇಲ್ಲಿ! ಉಗುರ್ನಾಗ ಹೂ ಬಿಟ್ಟಾವೆ ನೋಡ್ರಿ!"

ನಾನು ಬಾಗಿಲವರೆಗೆ ಹೋದೆ, ಅವರು ಹಾಸಿಗೆಯ ಬಳಿಯಿಂದಲೇ ಮಗಳ ಕೈ ಎತ್ತಿ ತೋರಿಸಿದರು. ನೀಲಿ ಹೋಗಿತ್ತು. ಹತ್ತು ಉಗುರಿನಲ್ಲೂ ಬಿಳಿ ಚುಕ್ಕೆ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಕೈ ಒರೆಸಿದರೂ ಹೋಗಲಿಲ್ಲ. ಹರಿಹರದ ಸುಣ್ಣ ಬಲು ಗಟ್ಟಿ ಎಂದು ನಾನು ಒಳಗೊಳಗೇ ನಕ್ಕೆ. ಹಾಲಮ್ಮ ಗಂಜಿ ಕೇಳಿದಳು.

ಮಳೆ ಬಿದ್ದಮೇಲೆ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ದುರ್ಬೀನು ಒರೆಸುತ್ತಾ, "ಆ ತಿಂಗಳಲ್ಲಿ ಬಿಳೀ ಕತ್ತಿನವು ಅಷ್ಟೊಂದಾ? ಬೇರೆ ಯಾರಿಗಾದ್ರೂ ಹೇಳು ಹೋಗಯ್ಯ. ಕೋಗಿಲೆ ನಾನಿನ್ನೂ ಮರ್ತಿಲ್ಲ," ಅಂದರು. ಬೇರೆ ಯಾರಿಗೆ ಹೇಳಿದರೂ ಅದೇ ನಗು. ನನ್ನ ಹೆಸರೇ ಅಂಥದ್ದು.

ಹಾಲಮ್ಮ ಮತ್ತೆ ಮೂರು ಹೆತ್ತಳು, ಮೊಮ್ಮಕ್ಕಳ ಮದುವೆ ನೋಡಿ ಹೋದಳು. ಅವಳಿಗೆ ಯಾವ ಅನುಮಾನವೂ ಇರಲಿಲ್ಲ. ಮುದುಕಿಯಾದ ಮೇಲೂ ಜಗಳ ಬಂದಾಗ, "ಬೆಳ್ಳಕ್ಕಿ ಕೇಳ್ತಾವೆ ನಿಮ್ ಮಾತು, ನಾನ್ ಕೇಳಲ್ಲ ಹೋಗ್ರಿ," ಅನ್ನುತ್ತಿದ್ದಳು. ಆ ಕೂಗನ್ನು ಮತ್ತೆ ಕೂಗಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಅವಳು ಹೋದ ದಿನವೂ ಹಿತ್ತಲಿಗೆ ಹೋಗಿ ಬಾಯಿಗೆ ಅಂಗೈ ಒಡ್ಡಿದೆ. ಬರಲಿಲ್ಲ.

ಸರಿ, ಸುಳ್ಳು ಯಾವುದು? ಬೆಳ್ಳಕ್ಕಿ ಅಂದಿರಿ. ಹಗ್ಗದ ಮೇಲೆ ಕೂತದ್ದು ಅಂದಿರಿ. ನಾನು ಮೊದಲೇ ಹೇಳಿದ್ದೆ, ನಿಮ್ಮಿಂದ ಆಗುವುದಿಲ್ಲ ಎಂದು. ಸುಳ್ಳು ಸುಣ್ಣ. ಬೆಳ್ಳಕ್ಕಿ ಬಂದದ್ದನ್ನೂ ಉಗುರಲ್ಲಿ ಹೂ ಬಿಟ್ಟದ್ದನ್ನೂ ಒಟ್ಟಿಗೆ ಹೇಳಿದರೆ ಯಾರೂ ಕೂತು ಕೇಳುತ್ತಿರಲಿಲ್ಲ, ಅದಕ್ಕೆ ಸೇರಿಸಿದೆ. ಎಷ್ಟೋ ವರ್ಷ ನನಗೆ ನಾನೂ ಅದನ್ನೇ ಹೇಳಿಕೊಂಡೆ, ನಿದ್ದೆ ಬರಲಿ ಎಂದು. ನಮ್ಮ ಅತ್ತೆ ಬದುಕಿದ್ದಷ್ಟು ದಿನ ನಾನು ಆ ಕೋಣೆಯ ಹೊಸ್ತಿಲು ದಾಟಿದವನೇ ಅಲ್ಲ.