ಅಕ್ಕ ಮಾತು ಇಟ್ಟ ಜಾಗ

ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆದ ಮೇಲೆ ನನ್ನ ಅಕ್ಕನಿಗೆ ಸ್ವರ ಉಳಿಯಲಿಲ್ಲ. ಆಗ ಅವಳಿದ್ದದ್ದು ಬಂಟ್ವಾಳದಲ್ಲಿ, ಗಂಡನ ಮನೆಯಲ್ಲಿ. ಭಾವ ದುಬೈಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಅತ್ತೆ ಮತ್ತು ನಾದಿನಿ. ಬಣ್ಣದ ಪರದೆಯ ಮೊಬೈಲು ನಮ್ಮ ಕಡೆ ಆಗಷ್ಟೇ ಎಲ್ಲರ ಕೈಗೆ ಬರುತ್ತಿತ್ತು. ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದ ನಾನು ಅಕ್ಕನ ಫೋನಿಗೆ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಹೇಳಬೇಕಾದ ಮಾತನ್ನು ಮೊದಲೇ ಬರೆದಿಟ್ಟರೆ, ಗುಂಡಿ ಒತ್ತಿದಾಗ ಅದು ಪರದೆ ತುಂಬ ದೊಡ್ಡದಾಗಿ ಕಾಣುತ್ತಿತ್ತು. ಆ ಫೋನಿನಲ್ಲಿ ಕನ್ನಡ ಲಿಪಿ ಇರಲಿಲ್ಲ. ಅಕ್ಕ ನಮ್ಮ ಮನೆಮಾತು ತುಳುವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದಳು.

ಬರೆದದ್ದನ್ನು ಎಲ್ಲಿಡುವುದು ಎಂದು ಅವಳನ್ನೇ ಕೇಳಿದೆ.

"ಮೆಮೊರಿ ಕಾರ್ಡಿನಲ್ಲಿ ಇಟ್ಟರೆ ಫೋನು ಹಾಳಾದರೂ ಉಳೀತದೆ. ಆದರೆ ಕಾರ್ಡು ತೆಗೆದು ಬೇರೆ ಫೋನಿಗೆ ಹಾಕಿದವರೆಲ್ಲ ಓದಬಹುದು. ಪ್ರೋಗ್ರಾಮಿನ ಒಳಗೇ ಇಟ್ಟರೆ ಯಾರಿಗೂ ಸಿಗುವುದಿಲ್ಲ. ಫೋನು ಹೋದರೆ ಅದೂ ಹೋಗ್ತದೆ."

ಆ ಕಾರ್ಡನ್ನು ನಾದಿನಿ ಹಾಡು ತುಂಬಿಸಲಿಕ್ಕೆ ಆಗಾಗ ಒಯ್ಯುತ್ತಿದ್ದಳು. ಅಕ್ಕ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಟೈಪ್ ಮಾಡಿ ತೋರಿಸಿದಳು: ಒಳಗೇ ಇರಲಿ.

"ಬ್ಲೂಟೂತಿನಲ್ಲಿ ನನ್ನ ಫೋನಿಗೆ ಒಂದು ಪ್ರತಿ ಬರುವ ಹಾಗೆ ಮಾಡ್ತೇನೆ, ಆಗದಾ?"

ನಿನಗೂ ಬೇಡ, ಎಂದು ಬರೆದು ನಕ್ಕಳು. ನಗುವಿಗೂ ಸ್ವರವಿರಲಿಲ್ಲ.

ಮೊದಮೊದಲು ಅದರಲ್ಲಿದ್ದದ್ದು ನೀರು ಬೇಕು, ನೋವು ಉಂಟು, ಇಂಥವೇ. ಆಮೇಲೆ ಅವಳು ಮಧ್ಯಾಹ್ನವಿಡೀ ಜಗಲಿಯಲ್ಲಿ ಕೂತು ಬರೆಯತೊಡಗಿದಳು. ಭಾವ ಬಂದಾಗ ಓದಿಸಲಿಕ್ಕೆ ಎಂದಷ್ಟೇ ನನಗೆ ತಿಳಿಸಿದಳು. ಅವರ ರಜೆ ಮುಂದಕ್ಕೆ ಹೋಗುತ್ತಲೇ ಇತ್ತು. ಎಸ್ಸೆಮ್ಮೆಸ್ ಮಾಡು ಎಂದರೆ ಕೇಳಲಿಲ್ಲ. ಗಂಡನನ್ನು ಎದುರು ಕೂರಿಸಿಕೊಂಡು, ಮುಖ ನೋಡುತ್ತಾ ಓದಿಸಬೇಕಿತ್ತು ಅವಳಿಗೆ.

ಒಂದು ದಿನ ಫೋನು ಆನ್ ಆಗಲಿಲ್ಲ. ಬೆಳ್ತಂಗಡಿಯಲ್ಲಿ ಪರಿಚಯದ ರಿಪೇರಿ ಅಂಗಡಿಗೆ ಒಯ್ದೆ.

"ಸಾಫ್ಟ್‌ವೇರ್ ಹೊಸತು ಹಾಕಿದರೆ ಆನ್ ಆದೀತು ಮಾರಾಯ್ರೆ," ಎಂದರು ಅಂಗಡಿಯವರು. "ಒಳಗಿದ್ದದ್ದು ಎಲ್ಲ ಅಳಿಸಿ ಹೋಗ್ತದೆ. ಕಾರ್ಡಿನಲ್ಲಿ ಉಂಟಾ?"

ಕಾರ್ಡಿನಲ್ಲಿ ಹಾಡುಗಳು ಮಾತ್ರ ಇದ್ದವು. ಹಾಕಬೇಡಿ ಎಂದು ಫೋನನ್ನು ಮಂಗಳೂರಿಗೆ ಒಯ್ದೆ. ಅಲ್ಲಿಯೂ ಅದೇ ಉತ್ತರ.

ಬೇರೆ ಫೋನು ಕೊಂಡು, ಪ್ರೋಗ್ರಾಂ ಹಾಕಿ ಕೊಟ್ಟೆ. "ಈ ಸಲ ಎರಡು ಕಡೆ ಇಡುವ ಅಕ್ಕ. ನೆನಪಿದ್ದಷ್ಟು ಪುನಃ ಬರಿ."

ಅವಳು ಬರೆದದ್ದು ‘ನೀರು’, ‘ನೋವು’, ‘ಬಾಗಿಲು ಹಾಕಿ’, ಇಷ್ಟೇ. ಮುಂದೆ ಬರೆಯಲಿಲ್ಲ. ನಾನು ಮತ್ತೆ ಹೇಳಿದರೆ ಫೋನು ಮಗುಚಿಟ್ಟು ಆಚೆ ತಿರುಗಿ ಮಲಗುತ್ತಿದ್ದಳು.

ಭಾವ ಬರುವಾಗ ಕಾಯಿಲೆ ಶ್ವಾಸಕೋಶಕ್ಕೆ ಇಳಿದಿತ್ತು. ಮಂಚದ ಹತ್ತಿರ ಕೂತು ಫೋನಿನ ಗುಂಡಿ ಒತ್ತುತ್ತಾ ಹೋದರು.

"ಇಷ್ಟೇಯಾ?"

"ತುಂಬ ಇತ್ತು ಭಾವ. ನಿಮಗೆಂದೇ ಬರೆದಿದ್ದಳು. ಹೋಯಿತು."

"ಎಂತ ಬರೆದಿದ್ದಳು?"

ನನಗೆ ಗೊತ್ತಿರಲಿಲ್ಲ. ಭಾವ ಅವಳ ಕೈ ಹಿಡಿದು ಅದನ್ನೇ ಕೇಳಿದರು. ಅಕ್ಕ ಅವರ ಮುಖ ನೋಡಿ, ಬಾಗಿಲು ಹಾಕಲಿಕ್ಕೆ ನನಗೆ ಸನ್ನೆ ಮಾಡಿದಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಒಳಗೆ ಭಾವನ ಸ್ವರ ಮಾತ್ರ ಕೇಳುತ್ತಿತ್ತು.

ಅವರ ರಜೆ ಮುಗಿಯುವ ಮೊದಲೇ ಅಕ್ಕ ಹೋದಳು.